ಕರುಳಿನ ಉರಿಯೂತ: ಯಾರಿಗೆ ಯಾವ ಪೋಷಕಾಂಶ, ಎಷ್ಟು, ಯಾಕೆ

(ರೋಗಿಗಳು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಐಬಿಡಿ, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ, ಇದೆ ಎಂದು ಗೊತ್ತಾದ ದಿನವೇ ಮನೆಯವರು ಕೇಳುವ ಪ್ರಶ್ನೆ "ಏನು ತಿನ್ನಬೇಕು, ಏನು ಬಿಡಬೇಕು?" ಎಲ್ಲರಿಗೂ ಹೊಂದುವ ಪಟ್ಟಿಯೊಂದನ್ನು ಇಲ್ಲಿ ಕೊಡಲು ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಅಂಥ ಪಟ್ಟಿಗಳು ಬೇಕಾದಷ್ಟು ಓಡಾಡುತ್ತವೆ. ಅದನ್ನು ನಂಬಿ ಹಾಲು, ಬೇಳೆ, ಸೊಪ್ಪು, ಮೊಟ್ಟೆ ಎಲ್ಲ ಬಿಟ್ಟು ತಿಂಗಳುಗಟ್ಟಲೆ ಬರೀ ಗಂಜಿಯಲ್ಲಿ ಕಳೆದು, ಕಾಯಿಲೆಗಿಂತ ಹೆಚ್ಚಾಗಿ ಪಥ್ಯದಿಂದಲೇ ಸೊರಗಿ ಆಸ್ಪತ್ರೆಗೆ ಬರುವವರು ಕಡಿಮೆಯೇನಿಲ್ಲ.

ಊಟದಿಂದ ಈ ಕಾಯಿಲೆಯ ಉರಿಯೂತ ಪೂರ್ತಿ ಆರುವುದು ಅಪರೂಪ. ಆ ಕೆಲಸ ಔಷಧದ್ದು. ಆದರೆ ಕಾಯಿಲೆಯ ಹಿಂದೆಯೇ ಬರುವ ರಕ್ತಹೀನತೆ, ಮೂಳೆ ಸವೆತ, ನರದ ತೊಂದರೆ, ಮೂತ್ರಪಿಂಡದ ಕಲ್ಲು, ಆಪರೇಷನ್ ನಂತರದ ಸೋಂಕು, ಇವುಗಳಲ್ಲಿ ಬಹಳಷ್ಟನ್ನು ಸರಿಯಾದ ಪೋಷಕಾಂಶದಿಂದ ತಡೆಯಬಹುದು. ಯಾವುದು ಸರಿ ಎಂದು ತಿಳಿಯಲು ಮೂರು ವಿಷಯ ಕೈಯಲ್ಲಿರಬೇಕು: ಕಾಯಿಲೆ ಕರುಳಿನ ಯಾವ ಭಾಗದಲ್ಲಿದೆ, ಆಪರೇಷನ್ ಆಗಿದ್ದರೆ ಯಾವ ಭಾಗ ಎಷ್ಟು ಸೆಂಟಿಮೀಟರ್ ತೆಗೆದಿದ್ದಾರೆ, ಈಗ ಯಾವ ಮಾತ್ರೆ ನಡೆಯುತ್ತಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೂರೂ ಇರುತ್ತವೆ. ಅದನ್ನು ಕಪಾಟಿನಲ್ಲಿ ಇಡಬೇಡಿ. ಒಂದು ಪ್ರತಿ ಜೊತೆಗಿರಲಿ.

ಜಾಗ ಯಾಕೆ ಮುಖ್ಯ? ಕಬ್ಬಿಣಾಂಶ, ಕ್ಯಾಲ್ಸಿಯಂ, ಫೋಲಿಕ್ ಆಮ್ಲ ಇವೆಲ್ಲ ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಳಗೆ ಹೋಗುತ್ತವೆ. ಬಿ12 ಮತ್ತು ಕೊಬ್ಬು ಜೀರ್ಣಿಸಲು ಬೇಕಾದ ಪಿತ್ತಲವಣಗಳು ಸಣ್ಣ ಕರುಳಿನ ಕಟ್ಟಕಡೆಯ ತುಂಡಿನಲ್ಲಿ, ಅಂದರೆ ಟರ್ಮಿನಲ್ ಇಲಿಯಂನಲ್ಲಿ ಮಾತ್ರ. ನೀರು, ಉಪ್ಪಿನಂಶವನ್ನು ಕೊನೆಯಲ್ಲಿ ಹೀರಿ ಉಳಿಸಿಕೊಳ್ಳುವುದು ದೊಡ್ಡ ಕರುಳು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗಷ್ಟೇ ಸೀಮಿತ. ಹಾಗಾಗಿ ಅವರಿಗೆ ರಕ್ತ ಹೋಗಿ ಕಬ್ಬಿಣ ಕಡಿಮೆಯಾಗುವುದು ಸಾಮಾನ್ಯ; ಬಿ12 ಕಡಿಮೆಯಾದರೆ ಕಾರಣ ಬೇರೆ ಇರುತ್ತದೆ, ಹೆಚ್ಚಾಗಿ ಸಸ್ಯಾಹಾರ ಅಥವಾ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಅದಕ್ಕೆ ಅಚ್ಚುಮೆಚ್ಚಿನ ಜಾಗ ಆ ಕೊನೆಯ ತುಂಡೇ.

ಕಬ್ಬಿಣಾಂಶ: ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು

ಐಬಿಡಿಯಲ್ಲಿ ಅತಿ ಹೆಚ್ಚು ಕಾಣುವ ತೊಡಕು ರಕ್ತಹೀನತೆ. ತಪ್ಪಾಗಿ ಚಿಕಿತ್ಸೆ ಆಗುವುದೂ ಇದಕ್ಕೇ ಹೆಚ್ಚು. ಕರುಳಿನಲ್ಲಿ ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಅದು ಉಗ್ರಾಣಕ್ಕೆ ಬೀಗ ಹಾಕಿದ ಹಾಗೆ: ಕರುಳಿನ ಕೋಶದೊಳಗೆ ಬಂದ ಕಬ್ಬಿಣ ರಕ್ತಕ್ಕೆ ಇಳಿಯುವುದಿಲ್ಲ, ಮೊದಲೇ ಸಂಗ್ರಹವಾಗಿದ್ದದ್ದೂ ಹೊರಗೆ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಖರ್ಜೂರ, ದಾಳಿಂಬೆ, ಬೀಟ್‌ರೂಟ್ ಜ್ಯೂಸ್ ಎಷ್ಟು ಕೊಟ್ಟರೂ ಹಿಮೋಗ್ಲೋಬಿನ್ ಅಲುಗಾಡುವುದಿಲ್ಲ. ಇವುಗಳಲ್ಲಿ ಕಬ್ಬಿಣ ಇರುವುದೂ ಜನ ಅಂದುಕೊಂಡಷ್ಟಲ್ಲ.

ಪರೀಕ್ಷೆಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತಿಳಿಸುವುದು) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಓಡಾಡುವ ಕಬ್ಬಿಣ ತಿಳಿಸುವುದು) ಎರಡೂ ಬೇಕು, ಜೊತೆಗೆ ಉರಿಯೂತ ತಿಳಿಸುವ ಸಿಆರ್‌ಪಿ. ಉರಿಯೂತ ಇಲ್ಲದಾಗ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ. ಉರಿಯೂತ ಇರುವಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆಗ 100ರವರೆಗಿದ್ದರೂ ಕೊರತೆ ಇರಬಹುದು. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಅಚ್ಚಾಗಿರುವ 70ನ್ನು ನೋಡಿ ಸುಮ್ಮನಾಗುವುದು ಇಲ್ಲಿ ಆಗುವ ಮೊದಲ ಎಡವಟ್ಟು.

ಕಾಯಿಲೆ ಶಾಂತವಾಗಿದ್ದು ಹಿಮೋಗ್ಲೋಬಿನ್ 10ಕ್ಕಿಂತ ಮೇಲಿದ್ದರೆ ಮಾತ್ರೆ ಸಾಕು. ದಿನಕ್ಕೆ 100 ಮಿಲಿಗ್ರಾಂ ಕಬ್ಬಿಣಾಂಶ ದಾಟುವುದು ಬೇಡ. ಮಾತ್ರೆಯ ತೂಕ ಬೇರೆ, ಅದರೊಳಗಿನ ಕಬ್ಬಿಣ ಬೇರೆ: 200 ಮಿಲಿಗ್ರಾಂ ಫೆರಸ್ ಫ್ಯುಮರೇಟ್ ಮಾತ್ರೆಯಲ್ಲಿ ಕಬ್ಬಿಣ ಇರುವುದು ಸುಮಾರು 65 ಮಿಲಿಗ್ರಾಂ ಅಷ್ಟೇ. ಲೇಬಲ್‌ನಲ್ಲಿ "ಎಲಿಮೆಂಟಲ್ ಐರನ್" ಎಂಬ ಸಾಲು ಹುಡುಕಿ. ದಿನಕ್ಕೆ ಎರಡು ಮೂರು ಸಲ ನುಂಗಿದರೆ ಲಾಭ ಹೆಚ್ಚಾಗುವುದಿಲ್ಲ. ಒಂದು ಡೋಸ್ ತೆಗೆದುಕೊಂಡ ಮೇಲೆ ಸುಮಾರು ಒಂದು ದಿನ ಹೆಪ್ಸಿಡಿನ್ ಏರಿಯೇ ಇರುವುದರಿಂದ ಮುಂದಿನ ಡೋಸ್ ಅಷ್ಟಾಗಿ ಹೀರುವುದಿಲ್ಲ. ಉಳಿದ ಕಬ್ಬಿಣ ಕರುಳಿನಲ್ಲೇ ನಿಂತು ಹೊಟ್ಟೆ ಕೆಡಿಸುತ್ತದೆ. ಹೊಟ್ಟೆಗೆ ಆಗದವರು ದಿನ ಬಿಟ್ಟು ದಿನ ಒಂದು ಮಾತ್ರೆ ತೆಗೆದುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬಹುದು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಎರಡು ಗಂಟೆಯಾದರೂ ದೂರವಿರಲಿ. ಅರ್ಧ ನಿಂಬೆಹಣ್ಣಿನ ರಸ ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಾಗುವುದು ಮಾತ್ರೆಯಿಂದ. ಆದರೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ಕಾಯಬೇಡಿ.

ಕಾಯಿಲೆ ಕೆರಳಿರುವಾಗ, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿದಾಗ, ಅಥವಾ ಮಾತ್ರೆ ಹೊಟ್ಟೆಗೆ ಆಗದೇ ಹೋದಾಗ ಕಬ್ಬಿಣವನ್ನು ಡ್ರಿಪ್ ಮೂಲಕವೇ ಕೊಡಬೇಕು. ಯುರೋಪಿನ ತಜ್ಞರ ಸಂಘ ಇಸಿಸಿಒ ಕೊಟ್ಟಿರುವ ಲೆಕ್ಕ ಸರಳ: ಹಿಮೋಗ್ಲೋಬಿನ್ 7ರಿಂದ 10ರ ನಡುವೆ ಇದ್ದು ತೂಕ 70 ಕೆಜಿಗಿಂತ ಕಡಿಮೆ ಇದ್ದರೆ ಒಟ್ಟು 1500 ಮಿಲಿಗ್ರಾಂ, ಹೆಚ್ಚಿದ್ದರೆ 2000. ಹಿಮೋಗ್ಲೋಬಿನ್ 10 ದಾಟಿದ್ದರೆ ಕ್ರಮವಾಗಿ 1000 ಮತ್ತು 1500. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ. ಅಂದರೆ 1500 ಮುಗಿಸಲು ಏಳೆಂಟು ಸಲ ಓಡಾಡಬೇಕು. ಎರಡು ಡ್ರಿಪ್ ಹಾಕಿಸಿಕೊಂಡು "ಸುಸ್ತು ಕಡಿಮೆಯಾಯಿತು" ಎಂದು ನಿಲ್ಲಿಸುವವರೇ ಹೆಚ್ಚು. ಮೂರು ತಿಂಗಳಿಗೆ ಮತ್ತೆ ಅಲ್ಲಿಗೇ ಬರುತ್ತಾರೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಕೊಡಬಹುದು, ಆದರೆ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಸುತ್ತದೆ. ಡ್ರಿಪ್ ಆದ ವಾರದಲ್ಲಿ ಸುಸ್ತು, ಮೈಮೂಳೆ ನೋವು ಹೆಚ್ಚಾದರೆ ಫಾಸ್ಫೇಟ್ ನೋಡಿಸಿ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ 2 ಗ್ರಾಂ ಏರಬೇಕು. ಏರದಿದ್ದರೆ ರಕ್ತ ಎಲ್ಲೋ ಸೋರುತ್ತಿದೆ, ಇಲ್ಲವೇ ಉರಿಯೂತ ತಗ್ಗಿಲ್ಲ, ಇಲ್ಲವೇ ಬಿ12 ಕೂಡ ಕಡಿಮೆ ಇದೆ.

ಕೊನೆಯ ತುಂಡು ಹೋದರೆ

ಟರ್ಮಿನಲ್ ಇಲಿಯಂ 20 ಸೆಂಟಿಮೀಟರಿಗಿಂತ ಹೆಚ್ಚು ತೆಗೆದಿದ್ದರೆ ಬಿ12 ಕೊರತೆ ಬಂದೇ ಬರುತ್ತದೆ ಎಂದುಕೊಂಡು ಮೊದಲೇ ಇಂಜೆಕ್ಷನ್ ಶುರುಮಾಡುವುದು ಜಾಣತನ. ಯಕೃತ್ತಿನಲ್ಲಿರುವ ಸಂಗ್ರಹ ಕೆಲವು ವರ್ಷ ನಡೆಸುತ್ತದೆ, ಹಾಗಾಗಿ ಆಪರೇಷನ್ ಆದ ತಕ್ಷಣ ಏನೂ ಕಾಣುವುದಿಲ್ಲ. ಹುಟ್ಟಾ ಸಸ್ಯಾಹಾರಿಗಳಾದ ನಮ್ಮ ಎಷ್ಟೋ ಮನೆಗಳಲ್ಲಿ ಆ ಸಂಗ್ರಹವೇ ತೆಳು. ಸಾಮಾನ್ಯ ಕ್ರಮ 1000 ಮೈಕ್ರೋಗ್ರಾಂ ಇಂಜೆಕ್ಷನ್. ಕೊರತೆ ತುಂಬುವವರೆಗೆ ಬೇಗ ಬೇಗ, ಆಮೇಲೆ ತಿಂಗಳಿಗೊಂದು, ಜೀವನಪೂರ್ತಿ. ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮರೆವು, ಇವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಇನ್ನೊಂದು ಅಪಾಯ: ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಮಾತ್ರ ಕೆಡುತ್ತಾ ಹೋಗುತ್ತದೆ.

ಫೋಲಿಕ್ ಆಮ್ಲದ ಕೊರತೆಗೆ ಇಲ್ಲಿ ದೊಡ್ಡ ಕಾರಣ ಮಾತ್ರೆಗಳು. ಸಲ್ಫಾಸಲಜೀನ್ ಅದರ ಹೀರಿಕೆಯನ್ನು ತಡೆಯುತ್ತದೆ. ದಿನಕ್ಕೆ 1 ಮಿಲಿಗ್ರಾಂ ಬೇಕು, ಬಸುರಿಯಾಗಲು ಯೋಚಿಸುತ್ತಿರುವವರಿಗೆ 2 ಮಿಲಿಗ್ರಾಂ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ವಾರಕ್ಕೊಮ್ಮೆ 5 ಮಿಲಿಗ್ರಾಂ, ಅದೂ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳದ ದಿನ. (ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧ. ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಸೋಮವಾರ ಎಂದರೆ ಸೋಮವಾರ ಎಂದು ಡಬ್ಬಿಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆದಿಡಿ. ಬಸಿರಿನಲ್ಲಿ ಈ ಔಷಧ ಕೂಡದು ಎಂಬುದೂ ನೆನಪಿರಲಿ.)

ಇದೇ ತುಂಡಿನ ಇನ್ನೊಂದು ಕೆಲಸ ಪಿತ್ತಲವಣ ಹೀರುವುದು. ಅದು ನಿಂತರೆ ಕೊಬ್ಬು ಸರಿಯಾಗಿ ಜೀರ್ಣವಾಗದೆ ಮಲದಲ್ಲಿ ಹೋಗುತ್ತದೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಇಲ್ಲಿಂದ ಮೂತ್ರಪಿಂಡದ ಕಲ್ಲಿನ ಕಥೆ ಶುರು. ಊಟದಲ್ಲಿರುವ ಆಕ್ಸಲೇಟ್ ಸಾಮಾನ್ಯವಾಗಿ ಕರುಳಿನಲ್ಲೇ ಕ್ಯಾಲ್ಸಿಯಂ ಜೊತೆ ಸೇರಿ ಹೊರಗೆ ಹೋಗಬೇಕು. ಜೀರ್ಣವಾಗದ ಕೊಬ್ಬು ಆ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಟ್ಟರೆ ಆಕ್ಸಲೇಟ್ ಬಿಡಿಯಾಗಿ ದೊಡ್ಡ ಕರುಳಿಗೆ ಬಂದು, ಅಲ್ಲಿ ರಕ್ತಕ್ಕೆ ಹೋಗಿ, ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. "ಕಲ್ಲಿದೆ, ಕ್ಯಾಲ್ಸಿಯಂ ಬಿಡಿ" ಎನ್ನುವ ಸಲಹೆ ಇವರಿಗೆ ಪೂರ್ತಿ ಉಲ್ಟಾ. ಇವರಿಗೆ ಊಟದ ಜೊತೆಗೇ ಕ್ಯಾಲ್ಸಿಯಂ ಬೇಕು: ಪಾಲಕ್ ಸಾರಿನ ಪಕ್ಕದಲ್ಲಿ ಒಂದು ಬಟ್ಟಲು ಮೊಸರು, ಇಲ್ಲವೇ ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ನಡುವೆಯೇ. ಪಾಲಕ್, ದಂಟು, ಬಸಳೆ, ಬೀಟ್‌ರೂಟ್, ಗೋಡಂಬಿ, ಬಾದಾಮಿ, ಕಡು ಟೀ ಇವನ್ನು ಮಿತಗೊಳಿಸಿ. ಕರಿದದ್ದು ಕಡಿಮೆ ಮಾಡಿ. ಮೂತ್ರ ದಿನಕ್ಕೆ ಎರಡು ಲೀಟರ್ ದಾಟುವಷ್ಟು ದ್ರವ ಬೇಕು. ವಿಟಮಿನ್ ಸಿ ಮಾತ್ರೆಯನ್ನು ದಿನಕ್ಕೆ ಒಂದು ಗ್ರಾಂ ಎರಡು ಗ್ರಾಂ ನುಂಗುವುದು ಬೇಡ, ಅದೂ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ದೊಡ್ಡ ಕರುಳನ್ನೇ ತೆಗೆದು ಹೊಟ್ಟೆಯ ಮೇಲೆ ಇಲಿಯೋಸ್ಟಮಿ ಚೀಲ (ಸಣ್ಣ ಕರುಳಿನ ತುದಿಯನ್ನು ಹೊರಗೆ ತೆರೆದು, ಮಲ ಸೇರಲು ಅಂಟಿಸುವ ಚೀಲ) ಇರುವವರಿಗೆ ಈ ಆಕ್ಸಲೇಟ್ ಪಥ್ಯ ಅನ್ವಯಿಸುವುದಿಲ್ಲ. ಅವರಿಗೆ ಬರುವುದು ಹೆಚ್ಚಾಗಿ ಯೂರಿಕ್ ಆಮ್ಲದ ಕಲ್ಲು, ಕಾರಣ ನೀರು ಮತ್ತು ಉಪ್ಪಿನ ನಷ್ಟ.

ಎಳನೀರು ಸಾಲದು

ಇಲಿಯೋಸ್ಟಮಿ ಚೀಲದಲ್ಲಿ ದಿನಕ್ಕೆ ಒಂದೂವರೆ, ಎರಡು ಲೀಟರಿಗಿಂತ ಹೆಚ್ಚು ಹೋಗುತ್ತಿದ್ದರೆ ಬಾಯಾರಿಕೆಗೆಂದು ಬರೀ ನೀರು ಕುಡಿದಷ್ಟೂ ನಷ್ಟ ಹೆಚ್ಚುತ್ತದೆ. ಸಣ್ಣ ಕರುಳಿನ ಮೇಲ್ಭಾಗ ಉಪ್ಪಿಲ್ಲದ ನೀರು ಬಂದರೆ ರಕ್ತದಿಂದ ಸೋಡಿಯಂ ಎಳೆದು ಅದಕ್ಕೆ ಸುರಿಯುತ್ತದೆ. ಆ ಸೋಡಿಯಂ ಕೂಡ ಚೀಲ ಸೇರುತ್ತದೆ. ಎಳನೀರಿನದೂ ಇದೇ ಗತಿ: ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಹಳ ಕಡಿಮೆ. ಇಂಥವರಿಗೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನ ದ್ರಾವಣ ಬಳಸುತ್ತಾರೆ: ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಗ್ಲೂಕೋಸ್ ಸಾದಾ ಇರಲಿ, ಬೇಕಿಂಗ್ ಪೌಡರ್ ಹಾಕಬೇಡಿ, ಚಮಚದ ಅಂದಾಜು ನಂಬಬೇಡಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಫ್ರಿಜ್‌ನಲ್ಲಿಟ್ಟು ದಿನವಿಡೀ ಗುಟುಕು ಗುಟುಕಾಗಿ ಕುಡಿದು ಅದೇ ದಿನ ಮುಗಿಸಿ. ಉಪ್ಪಿಲ್ಲದ ಬೇರೆ ಪಾನೀಯ ಎಲ್ಲ ಸೇರಿ ಒಂದು ಲೀಟರ್ ಮೀರದಿರಲಿ. ಹೃದಯ, ಮೂತ್ರಪಿಂಡ, ಬಿಪಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಶುರುಮಾಡಬಾರದು. ಸಾಧಾರಣ ಭೇದಿಗೆ ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣ ಅಥವಾ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಸಾಕು. ಕಾಯಿಲೆ ಕೆರಳಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೈ ಒಣಗಿದರೆ ಇನ್ನೂ ಹೆಚ್ಚು.

ಇಷ್ಟು ಹೋಗುವವರಿಗೆ ಮೆಗ್ನೀಷಿಯಂ, ಜಿಂಕ್ ಎರಡೂ ಕಡಿಮೆಯಾಗುತ್ತವೆ. ಸ್ನಾಯು ಸೆಳೆತ ಬಿಡದಿದ್ದರೆ ಮೆಗ್ನೀಷಿಯಂ ನೋಡಿಸಿ. ಅದು ಸರಿಹೋಗುವ ತನಕ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಜಿಂಕ್ ಕಡಿಮೆ ಇರುವವರಲ್ಲಿ ಆಸ್ಪತ್ರೆ ಸೇರುವುದು, ಆಪರೇಷನ್ ಆಗುವುದು ಹೆಚ್ಚು ಎಂದು 2017ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಹಾಗೆಂದು ವರ್ಷಗಟ್ಟಲೆ 50 ಮಿಲಿಗ್ರಾಂ ಜಿಂಕ್ ನುಂಗಿದರೆ ತಾಮ್ರದ ಕೊರತೆಯಾಗಿ ಮತ್ತೆ ರಕ್ತಹೀನತೆ, ನರದ ತೊಂದರೆ ಬರುತ್ತದೆ. ಕೊರತೆ ತುಂಬಿದ ಮೇಲೆ ನಿಲ್ಲಿಸಿ.

ಮೂಳೆ

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಮೂಳೆ ವೇಗವಾಗಿ ಸವೆಯುತ್ತದೆ. ಆದ್ದರಿಂದ ಸ್ಟೆರಾಯ್ಡ್ ಚೀಟಿ ಬರೆದ ದಿನವೇ ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಚೀಟಿಯಲ್ಲಿರಬೇಕು: ಊಟ, ಮಾತ್ರೆ ಸೇರಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ, 800ರಿಂದ 1000 ಯೂನಿಟ್ ಡಿ. ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ ಸುಮಾರು 600 ಮಿಲಿಗ್ರಾಂ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 360ರಷ್ಟಿದೆ, ಆದರೆ ರಾಗಿಯಲ್ಲಿರುವ, ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್‌ನಿಂದಾಗಿ ಹಾಲಿನದರಷ್ಟು ಸಲೀಸಾಗಿ ದಕ್ಕುವುದಿಲ್ಲ. ಮೊಳಕೆ ಕಟ್ಟಿಸಿ ಹುರಿದು ಮಾಡಿದ ಹಿಟ್ಟು ವಾಸಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರು, ಮಜ್ಜಿಗೆಗೆ ಬದಲಾಯಿಸಿಕೊಳ್ಳಿ. ಉಬ್ಬರ ಇಲ್ಲದವರು "ಐಬಿಡಿಗೆ ಹಾಲಾಗದು" ಎಂಬ ಮಾತಿಗೆ ಹಾಲು ಬಿಡಬೇಕಾಗಿಲ್ಲ.

1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ಕ್ಯಾಲ್ಸಿಯಂ 500 ಮಿಲಿಗ್ರಾಂ. ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಹೀರುವುದಿಲ್ಲ, ಊಟದ ಜೊತೆಗೇ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ನಡೆಯುತ್ತಿದ್ದರೆ ಸಿಟ್ರೇಟ್ ರೂಪ ಉತ್ತಮ. ವಿಟಮಿನ್ ಡಿ 20ಕ್ಕಿಂತ ಕಡಿಮೆ ಇದ್ದರೆ 60,000 ಯೂನಿಟ್‌ನ ಸ್ಯಾಶೆ ವಾರಕ್ಕೊಂದು, ಎಂಟು ವಾರ. ಎಂಟು ವಾರ ಅಂದರೆ ಎಂಟೇ. ಹಳೇ ಚೀಟಿ ತೋರಿಸಿ ವರ್ಷವಿಡೀ ತೆಗೆದುಕೊಂಡು, ಅದರ ಮೇಲೆ ಡಿ ಇಂಜೆಕ್ಷನ್ ಕೂಡ ಹಾಕಿಸಿಕೊಂಡರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಮೂತ್ರ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು.

ಪ್ರೋಟೀನ್ ಮತ್ತು ಆಪರೇಷನ್

ಕಾಯಿಲೆ ಕೆರಳಿರುವಾಗ ಒಂದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಶಾಂತವಾಗಿರುವಾಗ 1 ಗ್ರಾಂ. 50 ಕೆಜಿ ತೂಕದವರಿಗೆ 60ರಿಂದ 75 ಗ್ರಾಂ. ಲೆಕ್ಕ ಹಾಕಿ: ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು-ಮೊಸರು 16, ದಿನಪೂರ್ತಿ ನೂರು ಗ್ರಾಂ ಬೇಳೆ 22, ಇನ್ನೂರು ಗ್ರಾಂ ಅಕ್ಕಿ 14, ಒಟ್ಟು 64. ಮೊಟ್ಟೆ ತಿನ್ನದವರಿಗೆ 75 ಗ್ರಾಂ ಪನೀರ್. ನೂರು ಗ್ರಾಂ ಬೇಳೆ ಎಂದರೆ ತಿಳಿಸಾರಲ್ಲ, ಗಟ್ಟಿ ತೊವ್ವೆ. ತಿಳಿಸಾರು ಅನ್ನ ಉಣ್ಣುವ ಮನೆಯಲ್ಲಿ ಈ ಲೆಕ್ಕ ಅರ್ಧಕ್ಕೂ ಬರುವುದಿಲ್ಲ.

ರಿಪೋರ್ಟಿನಲ್ಲಿ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕಡಿಮೆ ಎಂದು ಕಂಡ ಕೂಡಲೇ ಸಾವಿರಾರು ರೂಪಾಯಿಯ ಪ್ರೋಟೀನ್ ಡಬ್ಬಿ ತರುತ್ತಾರೆ. ಉರಿಯೂತ ಇರುವವರೆಗೆ ಆಲ್ಬುಮಿನ್ ಏರುವುದಿಲ್ಲ. ಅದು ಊಟಕ್ಕಿಂತ ಹೆಚ್ಚಾಗಿ ಉರಿಯೂತದ ಸೂಚಕ. ಆದರೆ ಆಪರೇಷನ್‌ಗೆ ಮುಂಚೆ ಅದು 3ಕ್ಕಿಂತ ಕೆಳಗಿದ್ದರೆ, ಅಥವಾ ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ, ತುರ್ತಿಲ್ಲದ ಆಪರೇಷನ್ ಅನ್ನು ಒಂದೆರಡು ವಾರ ಮುಂದೂಡಿ ಪೋಷಣೆ ಕೊಡುವುದು ವಾಡಿಕೆ. ಹೊಲಿಗೆ ಬಿಡುವುದು, ಕೀವಾಗುವುದು ಇದರಿಂದ ಕಡಿಮೆಯಾಗುತ್ತದೆ.

ಎಕ್ಸ್‌ಕ್ಲೂಸಿವ್ ಎಂಟರಲ್ ನ್ಯೂಟ್ರಿಷನ್ ಎಂಬುದೊಂದಿದೆ: ಆರರಿಂದ ಎಂಟು ವಾರ ಬೇರೆ ಊಟ ಬಿಟ್ಟು, ಎಲ್ಲ ಪೋಷಕಾಂಶ ಇರುವ ದ್ರವ ಆಹಾರ ಮಾತ್ರ. ಉರಿಯೂತವನ್ನೇ ತಗ್ಗಿಸುವ ಊಟ ಎಂದರೆ ಮುಖ್ಯವಾಗಿ ಇದೇ. ಮಕ್ಕಳ ಕ್ರೋನ್ಸ್‌ನಲ್ಲಿ ಸ್ಟೆರಾಯ್ಡ್‌ಗಿಂತ ಮೊದಲು ಇದನ್ನೇ ಪ್ರಯತ್ನಿಸುತ್ತಾರೆ, ಬೆಳವಣಿಗೆ ಕುಂಠಿತವಾಗುವುದಿಲ್ಲ. ತೀವ್ರ ಅಲ್ಸರೇಟಿವ್ ಕೊಲೈಟಿಸ್‌ನಿಂದ ದಾಖಲಾದವರಿಗೆ ಸ್ಟೆರಾಯ್ಡ್ ಜೊತೆ ಇದನ್ನು ಒಂದು ವಾರ ಕೊಟ್ಟು ನೋಡಿದ ದಿಲ್ಲಿಯ ಏಮ್ಸ್ ಅಧ್ಯಯನ 2021ರಲ್ಲಿ ಬಂತು. ಆಸ್ಪತ್ರೆಯಲ್ಲಿರುವ ದಿನಗಳು ಕಡಿಮೆಯಾದವು, ಆಲ್ಬುಮಿನ್ ಹೆಚ್ಚಿತ್ತು. ಬಹಳ ದಿನ ಸರಿಯಾಗಿ ಉಣ್ಣದೆ ಸೊರಗಿದವರಿಗೆ ಮೊದಲ ದಿನವೇ ಪೂರ್ತಿ ಆಹಾರ ಕೊಡಬಾರದು. ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೆ ತೊಂದರೆಯಾಗುತ್ತದೆ. ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ದಿನದಿನಕ್ಕೆ ಏರಿಸುತ್ತಾ ಹೋಗಬೇಕು.

ನಾರು, ಮತ್ತೆ ನೀವು ಕೇಳಿದ ಪ್ರಶ್ನೆಗಳು

ಕರುಳು ಕಿರಿದಾಗಿರುವ ಕ್ರೋನ್ಸ್ ರೋಗಿಗಳಿಗೆ ಬಾಳೆದಿಂಡಿನ ಪಲ್ಯ ಅಪಾಯ. ಹೊಟ್ಟೆಯೊಳಗಿನ ಕಸ ತೆಗೆಯುತ್ತದೆ ಎಂದು ಹಿರಿಯರು ಆಗಾಗ ಮಾಡಿಸುತ್ತಾರೆ. ಇಲ್ಲಿ ಆ ನಾರೇ ಸಿಕ್ಕಿಹಾಕಿಕೊಂಡು ಕರುಳು ಕಟ್ಟುತ್ತದೆ. ಮುಸುಕಿನ ಜೋಳದ ಕಾಳು, ತೆಂಗಿನಕಾಯಿ ಚೂರು, ಕಿತ್ತಳೆಯ ಬಿಳಿ ನಾರು, ಅಣಬೆ, ನುಗ್ಗೆಕಾಯಿ ಸಿಪ್ಪೆ ಇವೂ ಅದೇ ಗುಂಪಿಗೆ ಸೇರುತ್ತವೆ. ತರಕಾರಿ ಬಿಡಬೇಡಿ: ಸಿಪ್ಪೆ, ಬೀಜ ತೆಗೆದು, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಮಸೆದು ಅಥವಾ ಸೋಸಿ ಉಣ್ಣಿ. ಊಟವಾದ ಮೇಲೆ ಅಲೆಅಲೆಯಾಗಿ ನೋವು, ಹೊಟ್ಟೆ ಉಬ್ಬಿ ವಾಂತಿ, ಗಾಳಿಯೂ ಹೋಗದೆ ನಿಲ್ಲುವುದು, ಇದಾದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ.

ಕಿರಿದಾಗಿಲ್ಲದ, ಕಾಯಿಲೆ ಶಾಂತವಾಗಿರುವ ಕೊಲೈಟಿಸ್‌ನಲ್ಲಿ ನಾರು ಒಳ್ಳೆಯದೇ. 1999ರ ಒಂದು ಸ್ಪ್ಯಾನಿಷ್ ಪ್ರಯೋಗದಲ್ಲಿ ಇಸಬ್ಗೋಲ್ ಬೀಜ ದಿನಕ್ಕೆ 10 ಗ್ರಾಂನಂತೆ ಎರಡು ಸಲ ಕೊಟ್ಟಾಗ ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಅದು ಕೊಲೈಟಿಸ್‌ಗೆ ಸಾಮಾನ್ಯವಾಗಿ ಕೊಡುವ ಮಾತ್ರೆಯಾದ ಮೆಸಲಮೀನ್‌ಗೆ ಹತ್ತಿರ ಬಂತು. ಪ್ರಯೋಗ ಚಿಕ್ಕದು, ಅದನ್ನು ನಂಬಿ ಮಾತ್ರೆ ಬಿಡಬೇಡಿ. ಇಸಬ್ಗೋಲ್ ತೆಗೆದುಕೊಳ್ಳುವುದಾದರೆ ದೊಡ್ಡ ಲೋಟ ನೀರಿನ ಜೊತೆ, ಕಲಸಿದ ಕೂಡಲೇ.

ಮೀನೆಣ್ಣೆ ಕ್ಯಾಪ್ಸೂಲ್ ಬಗ್ಗೆ ಹಲವರು ಕೇಳಿದಿರಿ. ದಿನಕ್ಕೆ 4 ಗ್ರಾಂ ಒಮೆಗಾ-3 ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2008ರಲ್ಲೇ ಬಂದಿದೆ. ಕ್ರೋನ್ಸ್ ಮರುಕಳಿಸುವುದನ್ನು ಅದು ತಡೆಯಲಿಲ್ಲ. ಬಂಗುಡೆ, ಬೂತಾಯಿ ತಿನ್ನುವವರು ತಿನ್ನಿ, ಅದು ಒಳ್ಳೆಯ ಪ್ರೋಟೀನ್. ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ.

ಅರಿಶಿನ. 2015ರ ಪ್ರಯೋಗದಲ್ಲಿ ಮೆಸಲಮೀನ್ ಜೊತೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಸೌಮ್ಯ ಮತ್ತು ಮಧ್ಯಮ ಕೊಲೈಟಿಸ್‌ನಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ನಾಲ್ಕು ವಾರದಲ್ಲಿ ಗುಣ ಕಂಡಿತು. ಏಮ್ಸ್‌ನಲ್ಲಿ 450 ಮಿಲಿಗ್ರಾಂ ಕೊಟ್ಟಾಗ ಏನೂ ಆಗಲಿಲ್ಲ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. 3 ಗ್ರಾಂ ಬೇಕೆಂದರೆ ದಿನಕ್ಕೆ ನೂರು ಗ್ರಾಂ ಪುಡಿ ತಿನ್ನಬೇಕು. ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕುಡಿಯುವುದು ರುಚಿಗಷ್ಟೇ. ಕರಿಮೆಣಸಿನ ಸತ್ವ ಸೇರಿಸಿ ಹೀರಿಕೆ ಹೆಚ್ಚಿಸಿದ ಅರಿಶಿನ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಅಜಥಯೋಪ್ರಿನ್ ಅಥವಾ ಮೆಥೊಟ್ರೆಕ್ಸೇಟ್ ನಡೆಯುತ್ತಿರುವವರಿಗೆ ಯಕೃತ್ತಿನ ಪರೀಕ್ಷೆ ಹೇಗೂ ಆಗುತ್ತಿರುತ್ತದೆ. ಇಂಥ ಕ್ಯಾಪ್ಸೂಲ್ ಶುರುಮಾಡಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಇಲ್ಲದಿದ್ದರೆ ಎನ್‌ಜೈಮ್ ಏರಿದಾಗ ಕ್ಯಾಪ್ಸೂಲ್ ಬದಲು ನಿಮಗೆ ಬೇಕಾದ ಔಷಧವನ್ನೇ ನಿಲ್ಲಿಸುತ್ತಾರೆ.